ಹೃದಯದ ತೊಂದರೆ ಇರುವವರ ಮನೆಗೆ ಗಾಳಿ ಅಳೆಯುವ ಮೀಟರ್: ಐದಕ್ಕೆ ಮೂರೂವರೆ

ನಮ್ಮ ಮನೆಯವರಿಗೆ ಸ್ಟೆಂಟ್ ಹಾಕಿದ್ದಾರೆ. ದಿನಾ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಇವರು ಬೆಳಕು ಹರಿಯುವ ಮೊದಲೇ ಹೊರಡುವವರು. ಆ ಹೊತ್ತಿನ ಗಾಳಿ ನಿಜಕ್ಕೂ ಶುದ್ಧವಾ ಅನ್ನೋ ಅನುಮಾನಕ್ಕೇ ನಾನು ಈ ಮೀಟರ್ ತರಿಸಿದ್ದು.

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ. ಲೇಸರ್ ಬೆಳಕು ಧೂಳಿನ ಕಣಕ್ಕೆ ಬಡಿದು ಚದುರುತ್ತದೆ. ಎಷ್ಟು ಚದುರಿತು ಅನ್ನುವುದರ ಮೇಲೆ ಪಿಎಂ 2.5 ಲೆಕ್ಕ ಬರುತ್ತದೆ. ಅಂದರೆ 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳು, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲು. ಇವು ಮೂಗಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಅಲ್ಲಿಂದ ಶುರುವಾದ ಉರಿಯೂತ ರಕ್ತನಾಳಗಳನ್ನೂ ಮುಟ್ಟುತ್ತದೆ. ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೊಗೆ ಅಂದರೆ ಕೆಮ್ಮು, ದಮ್ಮು ಅಷ್ಟೇ ಅಂದುಕೊಂಡವರು ಇದನ್ನು ಗಮನಿಸಬೇಕು.

ಚಳಿಗಾಲದಲ್ಲಿ ಮೀಟರ್ ತನ್ನ ಬೆಲೆಗೆ ನ್ಯಾಯ ಸಲ್ಲಿಸಿತು. ನಸುಕಿನಲ್ಲಿ ತೋರಿಸುತ್ತಿದ್ದ ಅಂಕಿ, ಬಿಸಿಲೇರಿದ ಮೇಲೆ ಎಷ್ಟೋ ಇಳಿಯುತ್ತಿತ್ತು. ಕಾರಣ ಇದೆ. ರಾತ್ರಿ ನೆಲ ತಣ್ಣಗಾಗುತ್ತದೆ, ತಣ್ಣನೆ ಗಾಳಿ ಕೆಳಗೇ ಕೂರುತ್ತದೆ, ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿಬಿಡುತ್ತದೆ. ವಾಹನದ ಹೊಗೆಗೆ ಹೋಗಲು ದಾರಿಯಿಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಸಾವಿರಾರು ಜನ ಸತ್ತದ್ದು ಹೀಗೆ ಸಿಕ್ಕಿಹಾಕಿಕೊಂಡ ಕಲ್ಲಿದ್ದಲ ಹೊಗೆಯಿಂದಲೇ. ಇನ್ನು ಚಳಿಯೇ ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಏರಿಸುತ್ತದೆ. ಎರಡೂ ಒಟ್ಟಿಗೆ ಯಾಕೆ ಬೇಕು ಹೇಳಿ? ನಾನು ಬಾಯಿಮಾತಲ್ಲಿ ಹೇಳಿದರೆ ಕೇಳದ ನಮ್ಮ ಯಜಮಾನರು ಪರದೆ ನೋಡಿ ಒಪ್ಪಿದರು. ಈಗ ಬಿಸಿಲು ಬಂದ ಮೇಲೆ, ದೊಡ್ಡ ರಸ್ತೆ ಬಿಟ್ಟು ಒಳಗಿನ ಬೀದಿಗಳಲ್ಲಿ ನಡೆಯುತ್ತಾರೆ.

ಬೇಸಿಗೆಗೆ ಮಾತ್ರ ಇದನ್ನು ನಂಬಿಕೊಂಡು ಕೂರಬೇಡಿ. ಸುಡು ಮಧ್ಯಾಹ್ನ ಪಿಎಂ ಕಡಿಮೆ ಇದ್ದರೂ, ಉಸಿರಾಡಿದರೆ ಕೆಡುಕು ಮಾಡುವ ಓಝೋನ್ ಅನಿಲ ಜಾಸ್ತಿ ಇರಬಹುದು. ಈ ಮೀಟರ್‌ಗೆ ಓಝೋನ್ ಕಾಣುವುದಿಲ್ಲ, ವಾಹನದ ನೈಟ್ರೋಜನ್ ಡೈಆಕ್ಸೈಡ್ ಕೂಡ ಕಾಣುವುದಿಲ್ಲ. ಜೊತೆಗೆ ಮೈ ತಂಪು ಮಾಡಲು ಹೃದಯ ಚರ್ಮದ ಕಡೆಗೆ ಜಾಸ್ತಿ ರಕ್ತ ತಳ್ಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು ಬಿಸಿಲಲ್ಲಿ ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಮಂಜು ಕವಿದ ದಿನವೂ ಅಂಕಿ ನೆಟ್ಟಗಿರುವುದಿಲ್ಲ. ಕಣಗಳು ತೇವ ಹೀರಿ ಉಬ್ಬುತ್ತವೆ, ಲೇಸರ್ ಅದನ್ನೂ ಧೂಳಿನ ಲೆಕ್ಕಕ್ಕೇ ಸೇರಿಸುತ್ತದೆ. ಪಕ್ಕದಲ್ಲೇ ತೇವಾಂಶ ತೋರಿಸುವುದರಿಂದ ಅಂದಾಜು ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್ ಅಂಕಿಯಂತೂ ಸುಮ್ನೆ. ಹತ್ತಿರದಲ್ಲಿ ಸೆಂಟ್ ಹೊಡೆದರೆ ಜಿಗಿಯುತ್ತದೆ! ನಿಜವಾದ ಸೆನ್ಸರ್ ಹಾಗೆ ಮಾಡಲ್ಲ.

ನನಗೆ ಸಿಟ್ಟು ಬಂದದ್ದು ಬಣ್ಣದ ವಿಷಯಕ್ಕೆ. 35ರವರೆಗೂ ಹಸಿರು ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಒಂದು ಘನ ಮೀಟರ್ ಗಾಳಿಗೆ ದಿನದ ಸರಾಸರಿ 15 ಮೈಕ್ರೋಗ್ರಾಂ, ವರ್ಷದ ಸರಾಸರಿ ಬರೀ 5. ಬಣ್ಣ ಬಿಡಿ, ಅಂಕಿ ನೋಡಿ. ಆ್ಯಪ್ ಇನ್ನೂ ಒಂದು ಹೆಜ್ಜೆ ಮುಂದೆ. ‘ಇಂದು ನಿಮ್ಮ ಹೃದಯ ಸುರಕ್ಷಿತ’ ಅಂತ ಸಂದೇಶ ಕಳಿಸುತ್ತದೆ. ಧೂಳು ಎಣಿಸುವ ಡಬ್ಬಿಗೆ ಅದು ಹೇಗೆ ಗೊತ್ತು? ಎದೆ ಬಿಗಿದರೆ, ಎಡಗೈ ಸೆಳೆದರೆ ಹಸಿರು ದೀಪ ನೋಡುತ್ತಾ ನಿಲ್ಲಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಏರ್ ಪ್ಯೂರಿಫೈಯರ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಇಂಥದ್ದೊಂದು ತಗೊಳ್ಳಿ ಅನ್ನುತ್ತೇನೆ. ಯಾವ ಕೋಣೆಗೆ ಬೇಕು, ಹಾಕಿದ ಮೇಲೆ ಅಂಕಿ ಇಳಿಯಿತಾ, ಎರಡೂ ಗೊತ್ತಾಗುತ್ತದೆ. ನಮ್ಮಲ್ಲಿ ಅಡುಗೆಮನೆ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದ್ದಕ್ಕೇ ಮಲಗುವ ಕೋಣೆ ಅರ್ಧ ಸುಧಾರಿಸಿತು.

ಒಂದೂವರೆ ಸ್ಟಾರ್ ಕಡಿತ ಬಣ್ಣಕ್ಕೆ, ಆ್ಯಪ್‌ಗೆ, ಮತ್ತೆ ಅಲಾರಂಗೆ. ಅದರ ಸದ್ದು ಕಡಿಮೆ ಮಾಡುವ ದಾರಿಯೇ ಇಲ್ಲ. ಹೃದಯದ ತೊಂದರೆ ಇರುವವರನ್ನು ನಡುರಾತ್ರಿ ಕಿರುಚಿ ಎಬ್ಬಿಸುವ ಯಂತ್ರವನ್ನು ಯಾರು ಯೋಚಿಸಿ ಮಾಡಿದರೋ!