ಆರು ವರ್ಷದ ಬಳಕೆಯ ನಂತರ: ಒಂಬತ್ತು ಪಿಎಲ್‌ಸಿ, ಒಂದೇ ಮಾಡ್‌ಬಸ್ ಲೈನ್

ಆರು ವರ್ಷದಿಂದ ಒಂಬತ್ತು ಪಿಎಲ್‌ಸಿಗಳು (ಪಂಪ್, ಯಂತ್ರಗಳನ್ನು ನಡೆಸುವ ಪುಟ್ಟ ಕೈಗಾರಿಕಾ ಕಂಪ್ಯೂಟರ್‌ಗಳು) ನಮ್ಮಲ್ಲಿ ಒಂದೇ ಆರ್‌ಎಸ್-485 ಲೈನ್ (ಜೋಡಿ ತಂತಿಯ ಸಂಪರ್ಕ) ಮೇಲೆ ಮಾಡ್‌ಬಸ್ ಆರ್‌ಟಿಯು ಎಂಬ ಭಾಷೆಯಲ್ಲಿ ಮಾತಾಡುತ್ತಿವೆ. ಪ್ರಶ್ನೆ ಕೇಳುವ ಮಾಸ್ಟರ್ ಒಂದು, ಕೇಳಿದಾಗ ಮಾತ್ರ ಉತ್ತರಿಸುವ ಸ್ಲೇವ್ ಎಂಟು. ಈ ತುದಿಯಿಂದ ಆ ತುದಿಗೆ ಸುಮಾರು 400 ಮೀಟರ್ ಕೇಬಲ್. ಟ್ಯಾಂಕಿನ ಮಟ್ಟ, ಒತ್ತಡ, ಪಂಪ್ ಓಡುತ್ತಿದೆಯೋ ಇಲ್ಲವೋ, ಇಷ್ಟೇ ಅದರಲ್ಲಿ ಓಡಾಡುವುದು. ಮಾಡ್‌ಬಸ್ 1979ರಲ್ಲಿ ಮೋಡಿಕಾನ್ ಕಂಪನಿ ತಂದದ್ದು. ಇಷ್ಟು ಹಳೆಯದು ಈಗ್ಯಾಕೆ ಎಂದು ತುಂಬಾ ಜನ ಕೇಳಿದರು. ನಮ್ಮ ಪಿಎಲ್‌ಸಿಗಳು ಮೂರು ಬೇರೆ ಬೇರೆ ಕಂಪನಿಯವು. ಎಲ್ಲಕ್ಕೂ ಗೊತ್ತಿದ್ದ ಭಾಷೆ ಇದೊಂದೇ.

ಮೊದಲ ಮೂರು ತಿಂಗಳು ತುಂಬಾ ಕಾಡಿತು. ದಿನಕ್ಕೆ ಹತ್ತಾರು ಸಲ ಸಂಪರ್ಕ ತಪ್ಪುತ್ತಿತ್ತು. ಪ್ರೋಗ್ರಾಂನಲ್ಲೇ ಏನೋ ಎಡವಟ್ಟಾಗಿದೆ ಎಂದು ವಾರಗಟ್ಟಲೆ ಅದನ್ನೇ ತಿದ್ದಿದೆ. ತಪ್ಪಿದ್ದದ್ದು ತಂತಿಯಲ್ಲಿ. ವೈರಿಂಗ್ ಮಾಡಿದವರು ಮಧ್ಯದ ಒಂದು ಜಂಕ್ಷನ್ ಬಾಕ್ಸ್‌ನಿಂದ ಮೂರು ಉದ್ದ ಕವಲು ಎಳೆದಿದ್ದರು. ಈ ಲೈನಿಗೆ ಅದು ಆಗಿಬರುವುದಿಲ್ಲ. ಮಣಿ ಪೋಣಿಸಿದ ಹಾಗೆ ಒಂದು ಪ್ಯಾನೆಲ್‌ನಿಂದ ಇನ್ನೊಂದಕ್ಕೆ ಸಾಗಬೇಕು. ಸಂಕೇತ ತುದಿಗೆ ಬಡಿದು ವಾಪಸ್ ಬರದಂತೆ ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಬೇಕು. ಕರೆಂಟ್ ತೆಗೆದು ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಆಸುಪಾಸು ತೋರಿಸಬೇಕು. ನಮ್ಮದು 30 ತೋರಿಸಿತು. ಮಧ್ಯದ ಎರಡು ಪಿಎಲ್‌ಸಿಗಳಲ್ಲೂ ಟರ್ಮಿನೇಶನ್ ಸ್ವಿಚ್ (ಒಳಗಿರುವ ಇಂಥದ್ದೇ ರೆಸಿಸ್ಟರನ್ನು ಲೈನಿಗೆ ಜೋಡಿಸುವ ಸ್ವಿಚ್) ಆನ್ ಆಗಿತ್ತು.

ಕವಲು ತೆಗೆಸಿದೆ. ಸ್ವಿಚ್ ಆಫ್ ಮಾಡಿದೆ. ಡ್ರೈವ್‌ಗಳ (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳ) ಮೋಟಾರ್ ಕೇಬಲ್ ಇದ್ದ ಟ್ರೇಯಿಂದ ಇದನ್ನು ದೂರ ಸರಿಸಿದೆ. ಎರಡು ತಂತಿಯ ಜೊತೆಗೆ ಮೂರನೆಯ ಕಾಮನ್ ತಂತಿಯನ್ನೂ ಎಳೆದೆ. ಎರಡೇ ತಂತಿ ಸಾಕು ಎನ್ನುವವರ ಮಾತು ಕೇಳಬೇಡಿ. ಪ್ಯಾನೆಲ್‌ಗಳ ನಡುವೆ ಗ್ರೌಂಡ್ ವೋಲ್ಟೇಜ್ ವ್ಯತ್ಯಾಸ ಜಾಸ್ತಿಯಾದರೆ ಪೋರ್ಟ್ ಸುಟ್ಟೇ ಹೋಗಬಹುದು. ಎರಡು ತಂತಿಗಳಿಗೆ ಕೊಡುವ ಎ, ಬಿ ಎಂಬ ಗುರುತು ಕೆಲವು ಕಂಪನಿಗಳಲ್ಲಿ ಉಲ್ಟಾ ಇರುತ್ತದೆ. ಉತ್ತರವೇ ಬರದಿದ್ದರೆ ಮೊದಲು ಅದನ್ನು ಅದಲುಬದಲು ಮಾಡಿ ನೋಡಿ.

ನನ್ನನ್ನು ನಿಜವಾಗಿ ಹೆದರಿಸಿದ್ದು ಎರಡನೇ ವರ್ಷದ ಒಂದು ರಾತ್ರಿ. ಮೇಲಿನ ಟ್ಯಾಂಕಿನ ಪಿಎಲ್‌ಸಿಯ ಫ್ಯೂಸ್ ಹೋಯಿತು. ಮಾಸ್ಟರ್ ಮಾತ್ರ ಕೊನೆಯದಾಗಿ ಓದಿದ 62 ಶೇಕಡಾವನ್ನೇ ಹಿಡಿದುಕೊಂಡು ಕೂತಿತ್ತು. ಪರದೆಯಲ್ಲೂ ಅದೇ ಸಂಖ್ಯೆ. ಪಂಪ್ ತುಂಬಿಸುತ್ತಲೇ ಇತ್ತು, ಟ್ಯಾಂಕ್ ಉಕ್ಕಿ ಹರಿಯಿತು. ಉತ್ತರ ಬರದಿದ್ದರೆ ರಿಜಿಸ್ಟರ್ (ಒಂದು ಬೆಲೆ ಇಟ್ಟುಕೊಳ್ಳುವ ಮೆಮೊರಿಯ ಜಾಗ) ತಾನಾಗಿ ಸೊನ್ನೆ ಆಗುವುದಿಲ್ಲ, ಹಳೆಯ ಬೆಲೆ ಹಾಗೇ ಉಳಿಯುತ್ತದೆ. ಅಂದಿನಿಂದ ಪ್ರತಿ ಸ್ಲೇವ್‌ನಲ್ಲೂ ಸೆಕೆಂಡಿಗೊಮ್ಮೆ ಏರುವ ಒಂದು ಎಣಿಕೆ ಇಟ್ಟಿದ್ದೇನೆ. ಐದು ಸೆಕೆಂಡ್ ಅದು ಬದಲಾಗದಿದ್ದರೆ ಮಾಸ್ಟರ್ ಅಲಾರಂ ಕೊಟ್ಟು ಪಂಪ್ ನಿಲ್ಲಿಸುತ್ತದೆ. ಬರೀ ಸಂಪರ್ಕದ ಎರರ್ ಬಿಟ್ ನಂಬಿದರೆ ಸಾಲದು. ಪ್ರೋಗ್ರಾಂ ನಿಂತಿದ್ದರೂ ಎಷ್ಟೋ ಪಿಎಲ್‌ಸಿಗಳ ಪೋರ್ಟ್ ಉತ್ತರ ಕೊಡುತ್ತಲೇ ಇರುತ್ತದೆ, ಅಲ್ವಾ?

ವೇಗದ ವಿಷಯ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಹತ್ತು ರಿಜಿಸ್ಟರ್ ಓದಲು ತಂತಿಯ ಮೇಲೆ ಸುಮಾರು 40 ಮಿಲಿಸೆಕೆಂಡ್ ಬೇಕು. ಪ್ರತಿಯೊಂದೂ ಉತ್ತರಿಸಲು ತೆಗೆದುಕೊಳ್ಳುವ ಹೊತ್ತೂ ಸೇರಿ ಎಂಟು ಸ್ಲೇವ್ ಸುತ್ತಿ ಬರಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ನೀರಿನ ಮಟ್ಟಕ್ಕೆ ಇದು ಧಾರಾಳ. ಆದರೆ ಒಂದು ಸ್ಲೇವ್ ಸತ್ತರೆ ಉಳಿದವೂ ಕಾಯಬೇಕು. ನಮ್ಮಲ್ಲಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) ಒಂದು ಸೆಕೆಂಡ್, ಪ್ರಯತ್ನ ಮೂರು ಎಂದಿತ್ತು. ಅಂದರೆ ಪ್ರತಿ ಸುತ್ತಿಗೂ ಮೂರು ಸೆಕೆಂಡ್ ದಂಡ. ಈಗ ಟೈಮ್‌ಔಟ್ 200 ಮಿಲಿಸೆಕೆಂಡ್. ಉತ್ತರ ಕೊಡದ ಸ್ಲೇವನ್ನು ಮಾಸ್ಟರ್ ಅರ್ಧ ನಿಮಿಷಕ್ಕೊಮ್ಮೆ ಮಾತ್ರ ಕೇಳುತ್ತದೆ.

ಮ್ಯಾನುಯಲ್‌ನಲ್ಲಿ 40001 ಎಂದು ಬರೆದ ರಿಜಿಸ್ಟರ್ ವಿಳಾಸ ತಂತಿಯ ಮೇಲೆ 0 ಆಗಿರುತ್ತದೆ. ಒಂದು ಸ್ಥಾನ ಜಾರಿದ ಬೆಲೆ ಬಂದರೆ ಅಲ್ಲೇ ನೋಡಿ. ದಶಮಾಂಶ ಸಂಖ್ಯೆ ಅರ್ಥವಿಲ್ಲದಂತೆ ಬಂದರೆ ಅದರ ಎರಡು ರಿಜಿಸ್ಟರ್‌ಗಳನ್ನು ಹಿಂದುಮುಂದು ಮಾಡಿ.

ನಿಧಾನವಾಗಿ ಬದಲಾಗುವ ಮಾಹಿತಿಗೆ ಇವತ್ತೂ ನಾನು ಇದನ್ನೇ ಹಾಕುತ್ತೇನೆ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಇದರ ಮೇಲೆ ಕಳಿಸಲೇಬೇಡಿ, ಅದಕ್ಕೆ ಬೇರೆ ತಂತಿಯೇ ಇರಲಿ. ಕಳೆದ ನಾಲ್ಕು ವರ್ಷದಲ್ಲಿ ನಮ್ಮ ಲೈನ್ ನಿಂತದ್ದು ಎರಡೇ ಸಲ. ಎರಡೂ ಸಲ ಸಡಿಲವಾದ ಟರ್ಮಿನಲ್ ಸ್ಕ್ರೂ.