ಕಡಲ ಊರಿನ ಕಾರಿನ ರಿಮ್: ಪೇಂಟೋ, ಪೌಡರ್ ಕೋಟಿಂಗೋ?

ಸಮುದ್ರದ ಪಕ್ಕ ಕಾರು ನಿಲ್ಲಿಸುವವರು ತುಕ್ಕು ಹಿಡಿದ ಕಬ್ಬಿಣದ ರಿಮ್‌ಗೆ ದುಡ್ಡು ಹಾಕುವುದೇ ಆದರೆ ಪೌಡರ್ ಕೋಟಿಂಗ್‌ಗೆ, ಅಂದರೆ ಬಣ್ಣದ ಪುಡಿಯನ್ನು ಓವನ್‌ನಲ್ಲಿ ಬೇಯಿಸಿ ಕೂರಿಸುವುದಕ್ಕೆ, ಹಾಕಿ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾರಿಗೆ ಶೆಡ್ ಇಲ್ಲ, ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ಎರಡನ್ನೂ ಇದೇ ಕಾರಿನ ಮೇಲೆ ಮಾಡಿಸಿ ನೋಡಿದ್ದೇನೆ, ಹಾಗಾಗಿ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಮೊದಲು ಮಾಡಿಸಿದ್ದು ಪೇಂಟ್. ಊರಿನ ಪೇಂಟರ್ ಒಬ್ಬರು ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಸಿಲ್ವರ್ ಕೊಟ್ಟರು. ನಾಲ್ಕು ರಿಮ್‌ಗೆ 2,400 ರೂಪಾಯಿ. ಕೆಲಸ ನೀಟಾಗಿತ್ತು. ಶಿರಸಿಯ ಭಾವನದೂ ಇದೇ ಮಾದರಿಯ ಕಾರು. ನನ್ನದು ನೋಡಿ ಅವನೂ ಅವರ ಹತ್ತಿರವೇ ಮಾಡಿಸಿದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ರಿಮ್‌ಗಳ ವೆಲ್ಡಿಂಗ್ ಜೋಡಣೆಯಲ್ಲಿ ಕಂದು ಗೆರೆ ಕಾಣಿಸಿತು. ಮರುವರ್ಷ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು, ಉಗುರು ತಾಗಿಸಿದರೆ ಚಕ್ಕೆ ಉದುರುತ್ತಿತ್ತು. ಭಾವನ ರಿಮ್ ಮಾತ್ರ ಅಂಚಿನಲ್ಲಿ ಒಂದೆರಡು ಗೀರು ಬಿಟ್ಟರೆ ಇವತ್ತಿಗೂ ಚೆನ್ನಾಗಿದೆ. ಶಿರಸಿಯಲ್ಲೇನು ಮಳೆ ಕಡಿಮೆಯೇ? ಆದರೆ ಘಟ್ಟದ ಮೇಲಿನ ಗಾಳಿಯಲ್ಲಿ ಉಪ್ಪಿಲ್ಲ.

ಪೇಂಟರ್ ಕೈಯಲ್ಲಿ ತಪ್ಪಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಾಗಿರುತ್ತವೆ. ವೈರ್ ಬ್ರಷ್ ಮೇಲ್ಮೈಯನ್ನು ಹೊಳೆಯಿಸುತ್ತದೆಯೇ ಹೊರತು ಗುಳಿಯ ತಳಕ್ಕೆ ಇಳಿಯುವುದಿಲ್ಲ. ಅಲ್ಲಿ ಕೂತ ಉಪ್ಪು ಅಲ್ಲೇ ಉಳಿಯುತ್ತದೆ. ಯಾವ ಬಣ್ಣದ ಪದರವೂ ತೇವವನ್ನು ಪೂರ್ತಿ ತಡೆಯುವುದಿಲ್ಲ. ಒಳಗಿರುವ ಉಪ್ಪು ಆ ತೇವವನ್ನು ಎಳೆದುಕೊಂಡು ಕೆಳಗಿನಿಂದ ತುಕ್ಕು ಬೆಳೆಸುತ್ತದೆ. ಗುಳಿಯೊಳಗಿನದನ್ನು ಕಿತ್ತು ತೆಗೆಯಬೇಕಾದರೆ ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಮರಳಿನಂಥ ಕಣಗಳನ್ನು ರಭಸದಿಂದ ಊದಿ ಉಜ್ಜುವ ಕೆಲಸ, ಬೇಕು. ಅದಕ್ಕೂ ಮೊದಲು ರಿಮ್ಮನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆದಿರಬೇಕು.

ಹುಬ್ಬಳ್ಳಿಯ ಪೌಡರ್ ಕೋಟಿಂಗ್ ಅಂಗಡಿಯಲ್ಲಿ ಬ್ಲಾಸ್ಟಿಂಗ್ ಕೂಡ ಲೆಕ್ಕದಲ್ಲೇ ಸೇರಿತ್ತು. ನಾಲ್ಕಕ್ಕೆ 6,000 ರೂಪಾಯಿ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಿ ಬರುವ ಪೆಟ್ರೋಲ್, ಟಯರ್ ಬಿಚ್ಚಿ ಹಾಕುವ ಕೂಲಿ, ಬ್ಯಾಲೆನ್ಸಿಂಗ್ ಬೇರೆ. ಬರಿಗಬ್ಬಿಣ ಕಾಣುವವರೆಗೆ ಬ್ಲಾಸ್ಟ್ ಮಾಡಿ, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ವಿದ್ಯುತ್ ಆವೇಶ ಕೊಟ್ಟ ಪುಡಿಯನ್ನು ಸಿಂಪಡಿಸಿ, 180ರಿಂದ 200 ಡಿಗ್ರಿ ಓವನ್‌ನಲ್ಲಿ ಬೇಯಿಸುತ್ತಾರೆ. ಪುಡಿ ಪಾಲಿಯೆಸ್ಟರ್ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಬರೀ ಎಪಾಕ್ಸಿ ಪುಡಿಯಾದರೆ ಬಿಸಿಲಿಗೆ ಸುಣ್ಣ ಬಳಿದಂತೆ ಮಂಕಾಗುತ್ತದೆ.

ಮಳೆಗಾಲಗಳು ಕಳೆದವು, ವೆಲ್ಡಿಂಗ್ ಜೋಡಣೆ ಇನ್ನೂ ಸ್ವಚ್ಛವಾಗಿದೆ. ಹೆದ್ದಾರಿಯ ಜಲ್ಲಿ ಸಿಡಿದರೂ ಬಹುಪಾಲು ಸಲ ಗುರುತೇ ಬೀಳುವುದಿಲ್ಲ.

ಆದರೆ ಒಂದು ಕಿರಿಕಿರಿಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದು ಅಂದದ ವಿಷಯವಲ್ಲ, ಜೀವದ ವಿಷಯ. ನಟ್ ಕೂರುವ ತೂತಿನ ಇಳಿಜಾರು ಅಂಚಿಗೂ, ರಿಮ್‌ನ ಹಿಂಭಾಗದಲ್ಲಿ ಚಕ್ರವನ್ನು ಹೊರುವ ಹಬ್‌ಗೆ ತಾಗುವ ಜಾಗಕ್ಕೂ ಪುಡಿ ಬೀಳಬಾರದು ಎಂದು ನಾನು ಮೊದಲೇ ಹೇಳಿದ್ದೆ. ‘ಆತ್ರೀ ಸರ’ ಅಂದಿದ್ದರು. ತರಲು ಹೋದರೆ ನಡುವಿನ ದೊಡ್ಡ ತೂತನ್ನು ಮಾತ್ರ ಮುಚ್ಚಿ, ಉಳಿದೆಲ್ಲದರ ಮೇಲೆ ದಪ್ಪಗೆ ಕೋಟಿಂಗ್ ಕೂರಿಸಿದ್ದರು. ರಿಮ್ಮನ್ನು ಕೊಕ್ಕೆಯಿಂದ ನೇತುಹಾಕಿದ್ದೂ ನಟ್ಟಿನ ತೂತಿನಿಂದಲೇ. ಅಲ್ಲಿ ಒಂದು ಗಂಟು ಬೇರೆ ಕಟ್ಟಿತ್ತು. ಕೇಳಿದ್ದಕ್ಕೆ, ‘ಎಲ್ಲಾ ಗಾಡಿಗೂ ಹಿಂಗ ಮಾಡ್ತೇವ್ರಿ, ಏನೂ ಆಗೂದಿಲ್ಲ’ ಎಂಬ ಉತ್ತರ.

ಆಗುತ್ತದೆ. ನಟ್ ಬಿಗಿದಾಗ ಚಕ್ರವನ್ನು ಹಿಡಿದಿಡುವುದು ತುಸು ಎಳೆದ ಬೋಲ್ಟಿನ ಸೆಳೆತ. ಆ ಸೆಳೆತ ಉಳಿಯಬೇಕಾದರೆ ನಟ್ಟಿಗೂ ರಿಮ್ಮಿಗೂ ನಡುವೆ ಲೋಹಕ್ಕೆ ಲೋಹವೇ ಕೂರಬೇಕು. ನಡುವೆ 80 ಮೈಕ್ರಾನ್ ಪ್ಲಾಸ್ಟಿಕ್ಕಿನಂಥ ಪದರ ಇದ್ದರೆ ಬಿಗಿಯುವಾಗ ಗಟ್ಟಿಯಾಗಿಯೇ ಅನಿಸುತ್ತದೆ. ಆಮೇಲೆ ಒತ್ತಡಕ್ಕೂ ಬ್ರೇಕಿನ ಬಿಸಿಗೂ ಅದು ಹಿಂಡಿಕೊಂಡು ತೆಳುವಾಗುತ್ತದೆ. ಬೋಲ್ಟಿನ ಸೆಳೆತ ಇಳಿಯುತ್ತದೆ, ನಟ್ ಸಡಿಲವಾಗುತ್ತದೆ. ದೇವಿಮನೆ ಘಟ್ಟದಲ್ಲಿ ಇಳಿಯುವಾಗ ಬ್ರೇಕ್ ಎಷ್ಟು ಕಾಯುತ್ತದೆ ಎಂದು ಆ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಹಬ್‌ಗೆ ತಾಗುವ ಜಾಗದ್ದೂ ಇದೇ ಕಥೆ.

ಅಂಗಡಿಯವರು ಗ್ರೈಂಡರ್ ತಂದರು. ನಾನು ಬೇಡ ಅಂದೆ. ಗ್ರೈಂಡರ್ ಲೋಹವನ್ನೂ ತಿನ್ನುತ್ತದೆ, ಇಳಿಜಾರಿನ ಆಕಾರ ಕೆಟ್ಟರೆ ನಟ್ ಸರಿಯಾಗಿ ಕೂರುವುದೇ ಇಲ್ಲ. ರಿಮ್‌ಗಳನ್ನು ಮನೆಗೆ ತಂದು, ಅಂಗಳದ ಬಯಲಲ್ಲಿ, ರಬ್ಬರ್ ಗ್ಲೌಸ್ ಹಾಕಿಕೊಂಡು, ಪೇಂಟ್ ರಿಮೂವರ್‌ನಲ್ಲಿ ಅದ್ದಿದ ಅರಳೆಯ ಉಂಡೆಯನ್ನು ಪ್ರತಿ ತೂತಿನ ಅಂಚಿಗೂ ಇಟ್ಟೆ. ಸುತ್ತಲಿನ ಒಳ್ಳೆಯ ಕೋಟಿಂಗಿಗೆ ತಾಗದಂತೆ ಟೇಪು ಹಚ್ಚಿದ್ದೆ. ಪದರ ಮೆತ್ತಗಾದ ಮೇಲೆ ಹಳೆಯ ನಟ್ಟಿಗೆ ಪಾಲಿಶ್ ಪೇಪರ್ ಸುತ್ತಿ ತಿರುಗಿಸಿ ತೆಗೆದೆ. ನಟ್ಟಿನದೇ ಇಳಿಜಾರಾದ್ದರಿಂದ ಆಕಾರ ಕೆಡುವುದಿಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಆಮೇಲೆ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಸಿ, ನೂರು ಕಿಲೋಮೀಟರ್ ಓಡುವುದರೊಳಗೆ ಮತ್ತೊಮ್ಮೆ ನೋಡಿಸಿದೆ. ಬರಿಗಬ್ಬಿಣ ತುಕ್ಕು ಹಿಡಿಯುತ್ತದೆಂದು ನಟ್ಟಿನ ಇಳಿಜಾರಿಗೆ, ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. ಬಿಗಿತದ ಲೆಕ್ಕವೇ ತಪ್ಪುತ್ತದೆ. ಹಬ್ಬಿನ ನಡುವಿನ ಉಂಗುರಕ್ಕೆ ಮಾತ್ರ ತೆಳುವಾಗಿ ಸವರಿದರೆ ಸಾಕು, ಉಪ್ಪುಗಾಳಿಗೆ ರಿಮ್ ಅಲ್ಲಿ ಕಚ್ಚಿಕೊಳ್ಳುವುದಿಲ್ಲ.

ಈ ತಲೆನೋವು ಪೇಂಟ್‌ನಲ್ಲಿ ಕಡಿಮೆ, ಪದರ ತೆಳು. ಆದರೂ ಅಲ್ಲಿಯೂ ಆ ಜಾಗಕ್ಕೆ ಬಣ್ಣ ಬೀಳಬಾರದು.

ರಿಪೇರಿಯಲ್ಲಿ ಪೇಂಟ್ ಗೆಲ್ಲುತ್ತದೆ, ಒಪ್ಪುತ್ತೇನೆ. ಗೀರು ಬಿದ್ದಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು, ಮೇಲೆ ಹೊಡೆದರೆ ಮುಗಿಯಿತು. ಪೌಡರ್ ಕೋಟಿಂಗ್ ಕಿತ್ತರೆ ಡಬ್ಬಿಯ ಬಣ್ಣ ತೊಟ್ಟು ಹಾಕಿ ತುಕ್ಕು ನಿಲ್ಲಿಸಬಹುದೇ ಹೊರತು ಗುರುತು ಮಾಯವಾಗುವುದಿಲ್ಲ. ಹಾಗೆಂದು ಬಿಡಬಾರದು: ಬಿಟ್ಟರೆ ಉಪ್ಪುನೀರು ಪದರದಡಿಗೆ ನುಗ್ಗಿ ಹಾಳೆಯಂತೆ ಎಬ್ಬಿಸುತ್ತದೆ. ನಾನು ತಿಂಗಳಿಗೊಮ್ಮೆ ಬಾವಿನೀರಲ್ಲಿ ರಿಮ್ ತೊಳೆದು ನೋಡುತ್ತೇನೆ. ಕಣ್ಣಿಗೆ ಬಿದ್ದದ್ದನ್ನು ಅದೇ ದಿನ ಮುಚ್ಚುತ್ತೇನೆ.

ಮಳೆಗಾಲದಲ್ಲಿ ಪೇಂಟ್ ಮಾಡಿಸಲೇಬೇಡಿ. ಥಿನ್ನರ್ ಆರುವಾಗ ತೇವ ಕೂತು ಹಾಲುಬಣ್ಣಕ್ಕೆ ತಿರುಗುತ್ತದೆ.

ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ರಿಮ್ ಇದ್ದವರಿಗೆ ನನ್ನ ಮಾತು ಹಾಗೆಯೇ ಅನ್ವಯಿಸುವುದಿಲ್ಲ. ಎರಕದ ಅಲ್ಯೂಮಿನಿಯಂ ಒಳಗಿನ ಗಾಳಿ ಓವನ್‌ನಲ್ಲಿ ಹೊರಬಂದು ಪದರದಲ್ಲಿ ಸೂಜಿತೂತು ಬೀಳಿಸುತ್ತದೆ. ಪುಡಿ ಹಾಕುವ ಮೊದಲೇ ಒಮ್ಮೆ ಕಾಯಿಸಿ ಆ ಗಾಳಿ ಹೊರಡಿಸುವ ಅಂಗಡಿ ಬೇಕು. ಶಾಖ ಮಿತಿ ಮೀರಿದರೆ ಲೋಹದ ಗಟ್ಟಿತನವೂ ಇಳಿಯುತ್ತದೆ. ಹಳೆಯ ಬಣ್ಣವನ್ನು ಸುಟ್ಟು ತೆಗೆಯುತ್ತೇವೆ ಅನ್ನುವವರ ಕೈಗೆ ಅಲಾಯ್ ಕೊಡಬೇಡಿ. ಬಿರುಕು ಬಿಟ್ಟದ್ದಕ್ಕಂತೂ ಯಾವ ಬಣ್ಣವೂ ಬೇಡ.

ಪೌಡರ್ ಗೆದ್ದದ್ದರಲ್ಲಿ ಅರ್ಧ ಪಾಲು ಬ್ಲಾಸ್ಟಿಂಗ್‌ನದು ಎಂದು ನನಗೆ ಗೊತ್ತು. ಬ್ಲಾಸ್ಟ್ ಮಾಡಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿದರೆ ಅಂತರ ಬಹಳ ಕಡಿಮೆಯಾಗುತ್ತದೆ. ಆದರೆ ಅಷ್ಟೆಲ್ಲ ಮಾಡಿಸಿದರೆ ಖರ್ಚು ಪೌಡರ್‌ನ ಹತ್ತಿರವೇ ಬರುತ್ತದೆ, ಮತ್ತೆ ಬಣ್ಣ ಪೂರ್ತಿ ಗಟ್ಟಿಯಾಗಲು ವಾರ ಕಾಯಬೇಕು. ನನಗೆ ಕಾರಿಲ್ಲದೆ ವಾರ ಕಳೆಯಲಾಗದು. ಓವನ್‌ನಿಂದ ಬಂದ ರಿಮ್‌ಗೆ ಅದೇ ಸಂಜೆ ಟಯರ್ ಏರಿಸಬಹುದು.

ಭಾವನಿಗೆ ಮಾತ್ರ ಪೇಂಟೇ ಸಾಕು ಅಂದಿದ್ದೇನೆ. ಶಿರಸಿಯಿಂದ ಅವನು ಸಮುದ್ರದ ಕಡೆ ಇಳಿಯುವುದೇ ಅಪರೂಪ, ಕಾರು ಶೆಡ್ಡಿನಲ್ಲಿರುತ್ತದೆ. ನಮ್ಮ ಸ್ಟೆಪ್ನಿಗೂ ಪೇಂಟನ್ನೇ ಉಳಿಸಿಕೊಂಡಿದ್ದೇನೆ. ಡಿಕ್ಕಿಯೊಳಗೆ ಮುಚ್ಚಿಟ್ಟ ರಿಮ್‌ಗೆ ಹುಬ್ಬಳ್ಳಿಯ ಖರ್ಚು ದಂಡ. ಕಾರವಾರ, ಅಂಕೋಲಾ, ಗೋಕರ್ಣ, ಹೊನ್ನಾವರ, ಭಟ್ಕಳದವರು ದೀಪಾವಳಿ ಕಳೆದ ಮೇಲೆ ರಿಮ್ ತೊಳೆದು ಒಯ್ಯಿರಿ. ನಟ್ಟಿನ ಅಂಚಿಗೂ ಹಬ್ ತಾಗುವ ಜಾಗಕ್ಕೂ ಶಾಖ ತಾಳುವ ಟೇಪನ್ನು ನಿಮ್ಮೆದುರಿಗೇ ಅಂಟಿಸುವವರೆಗೆ ಅಂಗಡಿಯಿಂದ ಹೊರಡಬೇಡಿ.