450 ಎಂದು ಬರೆದಿತ್ತು, ಕೂಡಿಸಿದರೆ 360 ಬಂತು

ಮೊದಲು ಅನುಮಾನ ಬಿದ್ದದ್ದು ಯುಪಿಎಸ್ ಮೇಲೆ.

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಇಷ್ಟೇ. ಎರಡು ಕಂಪ್ಯೂಟರ್, ಎರಡಕ್ಕೂ ಬೇರೆ ಬೇರೆ ಯುಪಿಎಸ್. ಕರೆಂಟ್ ಹೋದರೆ ಯುಪಿಎಸ್ 'ಟಕ್' ಅನ್ನುತ್ತಿತ್ತು, ನಮ್ಮಲ್ಲಿ ಕೆಲಸ ಮಾಡುವ ಹುಡುಗಿ ಕೂರುವ ಕಂಪ್ಯೂಟರ್ ಆರಾಮಾಗಿ ಓಡುತ್ತಿತ್ತು, ನಾನು ಕೂರುವುದು ಮಾತ್ರ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಲಗ್ನದ ಸೀಸನ್. ಅರ್ಧ ಮಾಡಿದ ಕೋರೆಲ್ ಫೈಲ್ ಎರಡು ಸಲ ಹೋಯಿತು. ಒಂದರಲ್ಲಿ ಬೀಗರ ಕಡೆಯ ಹೆಸರುಗಳೇ ನಲವತ್ತೆರಡು ಇದ್ದವು. ಎಲ್ಲ ಮತ್ತೆ ಟೈಪ್ ಮಾಡಿದೆ.

ಯುಪಿಎಸ್ ಬ್ಯಾಟರಿ ಹೋಗಿರಬೇಕು ಅಂತ 1,100 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಅದೇ ಕಥೆ. ಆಮೇಲೆ ಒಂದು ದಿನ ಕರೆಂಟ್ ಬಂದ ಹೊತ್ತಿಗೆ ಕಂಪ್ಯೂಟರಿನ ಹಿಂದಿನಿಂದ 'ಪಟ್' ಎಂದು ಸದ್ದಾಯಿತು, ಮೀನು ಕೊಳೆತ ಹಾಗೆ ವಾಸನೆ ಬಂತು. ಎಸ್‌ಎಂಪಿಎಸ್ ಸತ್ತಿತ್ತು.

ಪೆಟ್ಟಿಗೆಯೊಳಗೆ ಕರೆಂಟ್ ಹಂಚುವ ಆ ಡಬ್ಬಿಗೆ ನಮ್ಮ ಕಡೆ ಎಲ್ಲರೂ ಅನ್ನುವುದು ಎಸ್‌ಎಂಪಿಎಸ್ ಅಂತಲೇ. ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಜೋಡಿಸಿ ಕೊಟ್ಟವನು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಬಾಯಿ ತುಂಬ ಹೇಳಿದ್ದ. ಬಿಲ್ಲಿನಲ್ಲಿ ಕೊನೆಗೆ 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್' ಅಂತ ಒಂದೇ ಸಾಲು. ನಾನೂ ಕೇಳಲಿಲ್ಲ. ಕ್ಯಾಬಿನೆಟ್ಟಿಗೆ ನೀಲಿ ಲೈಟ್ ಇತ್ತಲ್ಲ, ಅದನ್ನೇ ನೋಡಿಕೊಂಡು ಬಂದೆ.

ನಮ್ಮ ಅಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾನೆ. ಸತ್ತ ಡಬ್ಬಿಯನ್ನು ಕೈಯಲ್ಲಿ ಹಿಡಿದವನೇ, "ಚಿಕ್ಕಮ್ಮಾ, ಇದೇನು ಖಾಲಿ ಇದೆಯಾ?" ಅಂದ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟೆವು. ವೈರು ಸೇರಿ 780 ಗ್ರಾಂ. "ಒಂದು ಕೆಜಿ ಸಕ್ಕರೆಗಿಂತ ಕಡಿಮೆ ಅಲ್ವಾ ಅಕ್ಕಾ" ಎಂದು ಅಂಗಡಿಯವರು ನಕ್ಕರು. ಒಳಗೆ ಕಾಯಿಲ್, ಹೀಟ್‌ಸಿಂಕ್, ಕೆಪಾಸಿಟರ್ ಸರಿಯಾಗಿದ್ದರೆ ತೂಕ ತಾನಾಗೇ ಬರುತ್ತದೆ. ತೂಕ ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಇಷ್ಟು ಹಗುರ ಇದ್ದರೆ ಮಾತ್ರ ಅನುಮಾನ ಪಡಲೇಬೇಕು.

ಆಮೇಲೆ ಲೇಬಲ್ ಓದಿದೆವು. ನಿಜವಾದ ಕಥೆ ಇರುವುದು ಇಲ್ಲೇ. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಕೋಷ್ಟಕ. 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 22, 12 ವೋಲ್ಟಿಗೆ 14. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಅಂದರೆ 66, 110, 168. ಉಳಿದ ಚಿಲ್ಲರೆ ಲೈನುಗಳದ್ದು 16. ಬಿಲ್ ಬುಕ್ಕಿನ ಹಿಂದೆ ಬರೆದು ಕೂಡಿಸಿದೆ. 360. ಉಳಿದ 90 ವ್ಯಾಟ್ ಯಾರ ಮನೆಗೆ ಹೋಯಿತು? ಅವರೇ ಬರೆದ ಲೆಕ್ಕ ಅವರಿಗೇ ತಾಳೆ ಆಗುವುದಿಲ್ಲ.

ಅದಕ್ಕಿಂತ ಮುಖ್ಯ ಆ 168. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಉಣ್ಣುವುದು 12 ವೋಲ್ಟಿನ ಲೈನಿನಿಂದ. ಹಾಗಾಗಿ ಎಸ್‌ಎಂಪಿಎಸ್ಸಿನ ಬೆಲೆ ಕಟ್ಟಬೇಕಾದದ್ದು ಆ ಒಂದು ಸಾಲಿನಿಂದ. ಒಳ್ಳೆಯದರಲ್ಲಿ 12 ವೋಲ್ಟಿನ ಲೈನೊಂದೇ ಹೆಚ್ಚುಕಮ್ಮಿ ಪೂರ್ತಿ ವ್ಯಾಟ್ ಕೊಡುತ್ತದೆ. ನನ್ನದು 450ರ ಹೆಸರಿನಲ್ಲಿ 168 ಕೊಡುವ ಡಬ್ಬಿ. ಅದೂ ಲೇಬಲ್ಲನ್ನು ನಂಬಿದರೆ.

ಮುಚ್ಚಳ ಬಿಚ್ಚಿದ್ದು ಹುಡುಗ. ನೀವು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಅವನು ಒಂದು ದಿನ ಹಾಗೇ ಬಿಟ್ಟು, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿದ. ಕರೆಂಟ್ ಒಳಗೆ ಬರುವ ಜಾಗದಲ್ಲಿ ಕರೆಂಟಿನ ಗಲೀಜು ಸೋಸುವ ಫಿಲ್ಟರ್ ಕಾಯಿಲ್ ಕೂರಬೇಕು. ಬೋರ್ಡಿನ ಮೇಲೆ ಅದರ ಗುರುತು ಅಚ್ಚಾಗಿತ್ತು, ಕಾಯಿಲ್ ಇರಲಿಲ್ಲ, ಎರಡು ತುಂಡು ತಂತಿ ಬೆಸೆದಿದ್ದರು. ಪಕ್ಕದಲ್ಲಿ ಖಾಲಿ ತೂತುಗಳು. ದೊಡ್ಡ ಕೆಪಾಸಿಟರ್ ಎರಡಿದ್ದವು. ಎಷ್ಟು ಕೂಡಿಟ್ಟುಕೊಳ್ಳುತ್ತವೆ ಅನ್ನುವುದಕ್ಕೆ ಮೇಲೆ 330 ಮೈಕ್ರೋಫ್ಯಾರಡ್ ಎಂದು ಅಚ್ಚು, ಅವನ ಮೀಟರಿನಲ್ಲಿ ಎರಡೂ 100 ಮುಟ್ಟಲಿಲ್ಲ. ಒಣಗಿದ್ದವೋ ಮೊದಲಿನಿಂದಲೇ ಸುಳ್ಳೋ ದೇವರೇ ಬಲ್ಲ.

ನನ್ನ ರೀಸ್ಟಾರ್ಟಿನ ಗುಟ್ಟು ಇದೇ. ಕರೆಂಟ್ ಹೋದ ಮೇಲೆ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಕಂಪ್ಯೂಟರನ್ನು ಎತ್ತಿ ಹಿಡಿಯಬೇಕಾದದ್ದು ಈ ಕೆಪಾಸಿಟರಿನ ಕೆಲಸ. ಒಳ್ಳೆಯ ಎಸ್‌ಎಂಪಿಎಸ್ ತುಂಬು ಲೋಡಿನಲ್ಲೂ 16, 17 ಮಿಲಿಸೆಕೆಂಡ್ ಹಿಡಿಯುತ್ತದೆ. ನನ್ನದು ಅಷ್ಟರಲ್ಲಿ ಕೈ ಬಿಟ್ಟುಬಿಡುತ್ತಿತ್ತು. ಬ್ಯಾಟರಿಗೆ ಹಾಕಿದ 1,100 ದಂಡ.

ಹೊಸದಕ್ಕೆ ಅಂಗಡಿಗೆ ಹೋದರೆ ಮತ್ತೆ ಅಂಥದ್ದೇ ಡಬ್ಬಿ ತೆಗೆದಿಟ್ಟರು. "ಮೇಡಮ್, ನಿಮ್ಮ ಕೆಲಸಕ್ಕೆ ಇದು ಸಾಕು, 650 ರೂಪಾಯಿ." ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪಿನ್ ಚುಚ್ಚಿ ಫ್ಯಾನ್ ತಿರುಗಿಸಿ ತೋರಿಸಿದರು. "ನೋಡಿ, ಪರ್ಫೆಕ್ಟ್." ಅದರಿಂದ ಗೊತ್ತಾಗುವುದು ಫ್ಯಾನ್ ತಿರುಗುತ್ತದೆ ಅಂತ ಮಾತ್ರ. ಎಂಜಿನ್ ಸ್ಟಾರ್ಟ್ ಆಯಿತು ಎಂದು ಲಾರಿ ಲೋಡ್ ಎಳೆಯುತ್ತದೆ ಅಂತ ಒಪ್ಪಿಕೊಂಡ ಹಾಗೆ.

ಕೊನೆಗೆ ತಂದದ್ದು ಕೋರ್ಸೇರ್ ಸಿಎಕ್ಸ್550. ಐದು ಸಾವಿರದ ಹತ್ತಿರ ಆಯಿತು. ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೆ 450 ವ್ಯಾಟಿನದು ಧಾರಾಳ ಸಾಕಿತ್ತು. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂತ ಹುಡುಗ ಆಸೆ ಹುಟ್ಟಿಸಿದ. ಕಾರ್ಡ್ ಯಾರಿಗೆ ಬೇಕಾಗಿದೆ ಅಂತ ನನಗೆ ಗೊತ್ತಿದೆ, ಇರಲಿ. ಐದು ವರ್ಷ ವಾರಂಟಿ. ಸೀರಿಯಲ್ ನಂಬರ್ ಹಾಕಿಸಿಯೇ ಬಿಲ್ ತೆಗೆದುಕೊಂಡೆ.

ಕೈಯಲ್ಲಿ ಹಿಡಿದಾಗಲೇ ಬೇರೆ ವಸ್ತು. ವೈರು ದಪ್ಪ. ಮೇಲೆ 18 ಎಡಬ್ಲ್ಯುಜಿ ಎಂದು ಸಣ್ಣಗೆ ಅಚ್ಚಿದೆ. ಹಳೆಯದರಲ್ಲಿ 20 ಇತ್ತು. ಈ ನಂಬರ್ ಜಾಸ್ತಿ ಆದಷ್ಟೂ ತಂತಿ ಸಣ್ಣ ಎಂದು ನೆನಪಿಡಿ. ನಾನು ಮೊದಲು ಉಲ್ಟಾ ಅಂದುಕೊಂಡಿದ್ದೆ. 120 ಮಿಲಿಮೀಟರಿನ ಫ್ಯಾನ್, ಸದ್ದೇ ಇಲ್ಲ. ಇದು ಓಡುತ್ತಿದೆಯಾ ಎಂದು ಮೊದಲ ದಿನ ಹಿಂದೆ ಕೈ ಇಟ್ಟು ನೋಡಿದ್ದೆ.

ಪೆಟ್ಟಿಗೆಯ ಮೇಲೆ 80 ಪ್ಲಸ್ ಬ್ರಾಂಜ್ ಗುರುತಿದೆ. ಜನ ಇದನ್ನೇ ಗುಣಮಟ್ಟದ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ಅದು ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅಂತ. ಆ ಪರೀಕ್ಷೆ ಮಾಡುವುದು 23 ಡಿಗ್ರಿಯಲ್ಲಿ. ನಮ್ಮ ಅಂಗಡಿಯಲ್ಲಿ ಏಪ್ರಿಲ್ ಮಧ್ಯಾಹ್ನ 23 ಡಿಗ್ರಿ ಬೇಕೆಂದರೆ ಫ್ರಿಜ್ಜಿನೊಳಗೆ ಕೂರಬೇಕು. ಬಿಲ್ ಉಳಿಯುತ್ತದಾ? ಲೆಕ್ಕ ಹಾಕಿದೆ. ಕಂಪ್ಯೂಟರಿಗೆ 100 ವ್ಯಾಟ್ ಬೇಕು ಅನ್ನಿ. ನೂರಕ್ಕೆ 70 ಕೊಡುವ ಡಬ್ಬಿ 143 ಎಳೆಯುತ್ತದೆ, 85 ಕೊಡುವುದು 118. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ ಅಂದರೆ ಉಳಿಯುವುದು ಆರೂವರೆ ಯೂನಿಟ್. ಅಷ್ಟಕ್ಕೋಸ್ಕರ ಯಾರೂ ಎಸ್‌ಎಂಪಿಎಸ್ ಬದಲಾಯಿಸಬೇಕಿಲ್ಲ.

ಕರೆಂಟ್ ಎಷ್ಟು ನೆಟ್ಟಗೆ ಬರುತ್ತದೆ ಎನ್ನುವುದನ್ನು ಆ ಗುರುತು ಹೇಳುವುದಿಲ್ಲ. ಅದಕ್ಕೆ ನಮ್ಮೂರಿನ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ಅವರ ಬಳಿ ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ, ದುಂಡನೆ ಹಸಿರು ಪರದೆಯ ಆಸಿಲೋಸ್ಕೋಪ್ ಇದೆ. ಎರಡೂ ಕಂಪ್ಯೂಟರನ್ನು ಆಟೋದಲ್ಲಿ ಒಯ್ದೆವು. ಹುಡುಗಿಯ ಕಂಪ್ಯೂಟರಿನಲ್ಲಿ ಇನ್ನೂ ಲೋಕಲ್ ಎಸ್‌ಎಂಪಿಎಸ್ಸೇ ಇದೆ. ಮಲ್ಟಿಮೀಟರಿನಲ್ಲಿ 11.8 ವೋಲ್ಟ್ ತೋರಿಸಿತು. 11.4ರಿಂದ 12.6ರ ಒಳಗೆ ಇರಬೇಕು, ಪಾಸ್. ಸ್ಕೋಪ್ ಹಚ್ಚಿದರೆ ಗೆರೆಗೆ ಮೀಸೆ ಬಂದಿತ್ತು. 12 ವೋಲ್ಟಿನ ಮೇಲೆ ಈ ಕುಣಿತ 120 ಮಿಲಿವೋಲ್ಟ್ ದಾಟಬಾರದು, ಇದು 180ರ ಹತ್ತಿರ. ಹೊಸದನ್ನು ಹಚ್ಚಿದಾಗ ಮೆಕ್ಯಾನಿಕ್ ಕನ್ನಡಕ ಸರಿಮಾಡಿಕೊಂಡು, "ಪ್ರೋಬ್ ಸರಿ ಕೂತಿದೆಯೇನಪ್ಪಾ?" ಎಂದು ಹುಡುಗನನ್ನು ಕೇಳಿದರು. ಗೆರೆ ಅಷ್ಟು ಸಣ್ಣಗಿತ್ತು.

ದೂರೂ ಇದೆ. ವೈರುಗಳೆಲ್ಲ ಡಬ್ಬಿಗೇ ಅಂಟಿಕೊಂಡಿವೆ, ಬೇಡದ್ದನ್ನು ಕಳಚಲು ಬರುವುದಿಲ್ಲ. ನನ್ನ ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಅರ್ಧ ವೈರು ಮಡಚಿ ತುರುಕಿದ್ದೇವೆ, ಮುಚ್ಚಳ ಹಾಕಲು ಮೊಣಕಾಲು ಕೊಡಬೇಕು. ಇನ್ನೊಂದು ವಿಷಯ. ಇಂಥ ಎಸ್‌ಎಂಪಿಎಸ್‌ನಲ್ಲಿ ಗೋಡೆಯಿಂದ ಕರೆಂಟನ್ನು ಸಮನಾಗಿ ಎಳೆಯುವ ಸರ್ಕ್ಯೂಟ್, ಅಂದರೆ ಆಕ್ಟಿವ್ ಪಿಎಫ್‌ಸಿ ಇರುತ್ತದೆ, ಕೆಲವು ಅಗ್ಗದ ಯುಪಿಎಸ್ ಜೊತೆ ಅದು ಹೊಂದುವುದಿಲ್ಲ. ನನ್ನ 600 ವಿಎ ಯುಪಿಎಸ್ ಜೊತೆ ಹೊಂದಿದೆ. ಕೊಳ್ಳುವ ಮುಂಚೆ ನಿಮ್ಮದನ್ನು ಕೇಳಿ ನೋಡಿ.

ಹಾಕಿದ ಮೂರನೇ ದಿನ ಹೊಸ ತಲೆನೋವು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಹಳೆಯದರಲ್ಲಿ ಯಾವತ್ತೂ ಹೀಗಾಗಿರಲಿಲ್ಲ. ಐದು ಸಾವಿರ ಕೊಟ್ಟು ಶಾಕ್ ತಂದೆನಾ ಎಂದು ಹುಡುಗನಿಗೆ ಬೈದೆ. ಅವನು ಬಂದು ನೋಡಿ ನಕ್ಕ. "ಚಿಕ್ಕಮ್ಮಾ, ಇದರಲ್ಲಿ ಫಿಲ್ಟರ್ ಇದೆ, ಅದಕ್ಕೇ." ಫಿಲ್ಟರಿನ ಸಣ್ಣ ಕೆಪಾಸಿಟರುಗಳು ಗಲೀಜನ್ನು ಅರ್ಥ್ ವೈರಿಗೆ, ಅಂದರೆ ನೆಲಕ್ಕೆ ಕಳಿಸುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ಕೂರುತ್ತದೆ. ಹಳೆಯದರಲ್ಲಿ ಫಿಲ್ಟರೇ ಇರಲಿಲ್ಲವಲ್ಲ, ಜುಮ್ಮೆನ್ನುವುದು ಎಲ್ಲಿಂದ?

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದ. ಅರ್ಥ್ ಬರಬೇಕಾದ ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇಲ್ಲ. ಹನ್ನೊಂದು ವರ್ಷದಿಂದ ಹಾಗೇ ಇದೆ. ಮೀಟರ್ ಬೋರ್ಡಿನಿಂದ ಹಸಿರು ವೈರ್ ಎಳೆದು 400 ರೂಪಾಯಿ ತೆಗೆದುಕೊಂಡ. ಜುಮ್ಮೆನ್ನುವುದು ನಿಂತಿತು. ಕಳೆದ ವಾರ ಒಂದೇ ಮಧ್ಯಾಹ್ನ ನಾಲ್ಕು ಸಲ ಕರೆಂಟ್ ಹೋಯಿತು. ನಾಲ್ಕು ಸಲವೂ ಯುಪಿಎಸ್ 'ಟಕ್' ಅಂದಿತು, ನಾನು ಟೈಪ್ ಮಾಡುತ್ತಲೇ ಇದ್ದೆ. ಹುಡುಗಿಯ ಕಂಪ್ಯೂಟರಿಗೆ ಬರುವ ತಿಂಗಳು 450ರದೇ ತರುತ್ತೇನೆ, 12 ವೋಲ್ಟಿನ ಸಾಲು ನೋಡಿಕೊಂಡು.